ಚಿಂದಿಯ ಚುಕ್ಕಿ, ಹಬ್ಬದ ಉಡುಗೊರೆ

ಹಳೇ ಸೀರೆಗೆ ಗಡಿಭಾಗದ ಮನೆಗಳಲ್ಲಿ ಎರಡೇ ದಾರಿ. ಓಣಿ ಓಣಿ ತಿರುಗುವ ಪಾತ್ರೆ ಮಾರುವವಳ ಬುಟ್ಟಿ ಸೇರಿ ಸ್ಟೀಲಿನ ಡಬ್ಬಿಯಾಗಿ ಮರಳುವುದು ಒಂದು. ಕೌದಿಯ ಹೊಟ್ಟೆ ಸೇರಿ ಮನೆಯಲ್ಲೇ ಉಳಿಯುವುದು ಇನ್ನೊಂದು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಈಗ ಮೊದಲ ದಾರಿಯಲ್ಲೇ ಸಂಚಾರ ಹೆಚ್ಚು. ಪಾಣಿಪತ್ತಿನಿಂದ ಲಾರಿಗಟ್ಟಲೆ ಬರುವ ನುಣುಪು ಬ್ಲಾಂಕೆಟ್ಟು ಹಗುರ, ಬಣ್ಣದ್ದು, ಒಂದು ದಿನದ ಬಿಸಿಲಿಗೆ ಒಣಗುತ್ತದೆ. ಪಕ್ಕದ ಸೊಲ್ಲಾಪುರದ ಚಾದರ ಇದ್ದೇ ಇದೆ. ಇವುಗಳ ನಡುವೆ, ತಿಂಗಳುಗಟ್ಟಲೆ ಕೂತು ಹೊಲಿಯಬೇಕಾದ ಕೌದಿಗೆ ಪುರುಸೊತ್ತು ಯಾರಿಗಿದೆ?

ಪೂರ್ತಿ ಕೌದಿಗೆ ಪುರುಸೊತ್ತಿಲ್ಲದಿದ್ದರೆ ಬೇಡ. ಅದೇ ಕೈ, ಅದೇ ಚಿಂದಿ, ಅದೇ ಸೂಜಿಯಿಂದ ಒಂಬತ್ತು ಇಂಚಿನ ಒಂದು ಚುಕ್ಕಿ ಹೊಲಿಯಬಹುದು. ಹೊರದೇಶದ ಹೊಲಿಗೆ ಬಳಗಗಳಲ್ಲಿ ಇದಕ್ಕೆ ಸ್ಟಾರ್ ಬ್ಲಾಕ್ ಎನ್ನುತ್ತಾರೆ. ಬಟ್ಟೆಯ ಚೌಕ, ತ್ರಿಕೋನಗಳನ್ನು ಜೋಡಿಸಿ ಮಾಡಿದ ನಕ್ಷತ್ರದ ಚೌಕಟ್ಟು ಅದು. ಒಂದೇ ಆದರೆ ದಿಂಬಿನ ಮುಖ, ನಾಲ್ಕಾದರೆ ಮೇಜಿನ ಹಾಸು, ಹತ್ತಾರು ಸೇರಿದರೆ ಮತ್ತೆ ಹೊದೆಯುವ ಕೌದಿಯೇ. ದೀಪಾವಳಿಗೋ ಕ್ರಿಸ್‌ಮಸ್ಸಿಗೋ ಕೈಯಾರೆ ಮಾಡಿ ಕೊಡುವ ವಸ್ತು ಬೇಕೆನ್ನುವವರಿಗೆ ಇಷ್ಟು ಹತ್ತಿರದ ಕಸುಬು ಬೇರೊಂದಿಲ್ಲ.

ಕೌದಿಯ ಬಗ್ಗೆ ಈ ಭಾಗದವರಿಗೆ ಹೇಳಿಕೊಡುವುದೇನೂ ಇಲ್ಲ. ಹಳೇ ಸೀರೆ ಅಥವಾ ಧೋತರ ಕೆಳಗೆ ಹಾಸಿ, ಮೇಲೆ ಮೆತ್ತಗಾದ ಬಟ್ಟೆಗಳನ್ನು ಪದರ ಪದರವಾಗಿ ಹರವಿ, ಎಲ್ಲಕ್ಕೂ ಮೇಲೆ ಬಣ್ಣದ ತುಂಡುಗಳನ್ನು ಅಂಚು ಮಡಚಿ ಕೂರಿಸಿ, ದಪ್ಪ ಸೂಜಿಯಲ್ಲಿ ಸಾಲು ಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿ. ನಿಪ್ಪಾಣಿ ಕಡೆಯ ಮರಾಠಿ ಮನೆಗಳಲ್ಲಿ ಗೋಧಡಿ, ವಾಕಳ ಎಂದರೂ ವಸ್ತು ಅದೇ. ಬೇಸಿಗೆ ಬಂತೆಂದರೆ ಹೊಲಿಯುವ ಹೆಂಗಸರು "ಕೌದಿ ಹೊಲಸ್ತೀರೇನ್ರೀ ಯವ್ವಾ" ಎನ್ನುತ್ತ ಓಣಿಗೆ ಬರುತ್ತಿದ್ದರು. ಪಡಸಾಲೆಯಲ್ಲಿ ಕೌದಿ ಹರವಿ ನಾಲ್ಕು ಕಡೆಯಿಂದ ನಾಲ್ಕು ಜನ ಕೂರುತ್ತಿದ್ದರು. ದಸರೆಗೆ ಮುಂಚೆ ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಕೃಷ್ಣೆ, ದೂಧಗಂಗೆಯ ದಂಡೆಗೆ ಒಯ್ದು ತೊಳೆಯುವ ರೂಢಿಯೂ ಇತ್ತು. ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರಾದರೂ ಬೇಕು. ಆ ಭಾರವನ್ನು ಒಮ್ಮೆ ಎತ್ತಿದವರಿಗೆ ಬ್ಲಾಂಕೆಟ್ಟು ಯಾಕೆ ಗೆದ್ದಿತೆಂದು ಬೇರೆ ವಿವರಿಸಬೇಕಿಲ್ಲ.

ತುಂಡು ಜೋಡಿಸುವ ಈ ಕಲೆ ಹಾಸಿಗೆಗಷ್ಟೇ ಸೀಮಿತವಾಗಿರಲಿಲ್ಲ. ತೊಟ್ಟಿಲಿಗೆ ಹಾಕುವ ಕೂಸಿಗೆ ಬಣ್ಣದ ತುಂಡುಗಳ ಕುಂಚಿಗೆ, ಪುಟ್ಟ ದುಪ್ಪಟಿ ಬೇಕಿತ್ತು. ಕಾರಹುಣ್ಣಿಮೆಗೆ ಎತ್ತಿನ ಬೆನ್ನ ಮೇಲೆ ಬಣ್ಣಬಣ್ಣದ ಝೂಲು ಬೇಕಿತ್ತು. ಕೊಲ್ಹಾಪುರ ಕಡೆಯ ಊರುಗಳು ಈ ಹುಣ್ಣಿಮೆಗೆ ಇಂದಿಗೂ 'ಕರ್ನಾಟಕಿ ಬೆಂದೂರ' ಎನ್ನುತ್ತವೆ. ಗಡಿ ಯಾವಾಗ ಎಳೆದರೂ ಎತ್ತಿನ ಹಬ್ಬ ಅದನ್ನು ಲೆಕ್ಕಕ್ಕೆ ಹಿಡಿದಂತಿಲ್ಲ. ಅಂದರೆ ಹಬ್ಬಕ್ಕೂ ತುಂಡು ಬಟ್ಟೆಗೂ ಇಲ್ಲಿ ಹಳೇ ನಂಟು. ಟ್ರ್ಯಾಕ್ಟರು ಬಂದು ಎತ್ತು ಕಡಿಮೆಯಾದಂತೆ ಝೂಲೂ ಕಡಿಮೆಯಾಯಿತು, ಅಷ್ಟೇ.

ಬೆಳಗಾವಿ ಜಿಲ್ಲೆಯದೇ ಖಾನಾಪುರದ ಕಾಡಂಚು, ಆಚೆ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿ ಈ ಕೌದಿಯ ಅಕ್ಕ. ಅವರು ಒಂದು ಮೂಲೆಯಿಂದ ಹೊಲಿಗೆ ಹಿಡಿದು ಅಂಚಿನ ಸುತ್ತ ಸುತ್ತುತ್ತ ನಡುಮಧ್ಯಕ್ಕೆ ಬಂದು ನಿಲ್ಲುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ 'ಫೂಲ' ಕೂರಿಸದೆ ಕವಂದಿ ಮುಗಿಯಿತೆಂದು ಅವರು ಒಪ್ಪುವುದಿಲ್ಲ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಹೊಲಿಗೆಯ ಬೆನ್ನು ಹತ್ತಿ ಬರೆದರು. 2011ರಲ್ಲಿ ನ್ಯೂಯಾರ್ಕಿನ ಶೊಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನವೂ ನಡೆಯಿತು. ಹಾಸಿ ಹೊದ್ದು ಸವೆಸುವ ವಸ್ತು ಗೋಡೆಯ ಮೇಲೆ ತೂಗಿದ್ದು ಹೀಗೆ. ಗಡಿಭಾಗದ ಕೌದಿಗೆ ಅಂಥ ಬೆಳಕು ಇನ್ನೂ ಬಿದ್ದಿಲ್ಲ. ಆದರೆ ಕೈಚಳಕದಲ್ಲಿ ಅದು ಹಿಂದುಳಿದದ್ದೇನೂ ಅಲ್ಲ.

ಚುಕ್ಕಿಯ ಚೌಕಟ್ಟು ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಲಕೋಟಾ ಬುಡಕಟ್ಟಿನವರು ಗೌರವಿಸಬೇಕಾದವರಿಗೆ ನಕ್ಷತ್ರದ ಕೌದಿಯನ್ನೇ ಹೊದಿಸುತ್ತಾರೆ, ನಮ್ಮಲ್ಲಿ ಶಾಲು ಹೊದಿಸಿದ ಹಾಗೆ. ಓಹಾಯೊ ರಾಜ್ಯದ ಆಡಮ್ಸ್ ಕೌಂಟಿಯಲ್ಲಿ 2001ರಲ್ಲಿ ಕಣಜದ ಗೋಡೆಯೊಂದರ ಮೇಲೆ 'ಓಹಾಯೊ ಸ್ಟಾರ್' ಎಂಬ ಹೊಲಿಗೆಯ ನಮೂನೆಯನ್ನೇ ದೊಡ್ಡದಾಗಿ ಬಣ್ಣದಲ್ಲಿ ಬರೆದರು. ಆಮೇಲೆ ಆ ಹವ್ಯಾಸ ಎಷ್ಟೋ ಊರುಗಳಿಗೆ ಹಬ್ಬಿತು. ಇದೆಲ್ಲ ದೂರದ ಮಾತೆನಿಸಬಹುದು. ಆದರೆ ಚುಕ್ಕಿ ಇಟ್ಟು ಎಂಟು ಮೂಲೆಯ ರಂಗೋಲಿ ಎಳೆಯುವ, ಇಳಕಲ್ ಸೀರೆಯ ಎಳೆ ಎಣಿಸಿ ಕಸೂತಿಯ ಗವಂತಿ, ಮುರಗಿ ಹಾಕುವ ಹೆಣ್ಣುಮಕ್ಕಳಿಗೆ ಈ ನಮೂನೆಯನ್ನು ಅರ್ಥಮಾಡಿಸಲು ಪಾಠ ಬೇಕಿಲ್ಲ. ಒಮ್ಮೆ ನೋಡಿದರೆ ಸಾಕು.

ಹೊಸದಾಗಿ ಕಲಿಯಬೇಕಾದದ್ದು ಒಂದೇ: ಅಳತೆ.

ಕೌದಿ ಅಂದಾಜಿನ ಹೊಲಿಗೆ. ತುಂಡು ಚಿಕ್ಕದಾದರೆ ಪಕ್ಕಕ್ಕೆ ಮತ್ತೊಂದು, ದೊಡ್ಡದಾದರೆ ಒಳಗೆ ಮಡಚು, ಓರೆಯಾದರೆ ಅದೂ ಒಂದು ಚೆಂದ. ಚುಕ್ಕಿ ಹಾಗೆ ಕ್ಷಮಿಸುವುದಿಲ್ಲ. ಅಂಚಿನಿಂದ ಕಾಲು ಇಂಚು ಒಳಗೆ ಹೊಲಿಗೆ ಎಂದರೆ ಕಾಲು ಇಂಚೇ. ಮೂರು ತುಂಡಿನ ಒಂದು ಸಾಲಿನಲ್ಲಿ ಎರಡು ಜೋಡಣೆ ಬರುತ್ತವೆ. ಪ್ರತಿ ಜೋಡಣೆಯ ಎರಡೂ ಬದಿ ಇಂಚಿನ ಹದಿನಾರನೇ ಒಂದು ಪಾಲು ಹೆಚ್ಚು ಹಿಡಿದರೆ ಸಾಲು ಕಾಲು ಇಂಚು ಗಿಡ್ಡವಾಗುತ್ತದೆ. ನಾಲ್ಕು ಚೌಕಟ್ಟು ಜೋಡಿಸುವಷ್ಟರಲ್ಲಿ ಒಂದು ಇಂಚು ಕಾಣೆ, ಚುಕ್ಕಿಯ ಮೂಲೆಗಳು ಮೊಂಡು. ಮಷೀನಿನ ತಟ್ಟೆಯ ಮೇಲೆ ಸೂಜಿಯಿಂದ ಕಾಲು ಇಂಚು ಅಳೆದು ಒಂದು ಪಟ್ಟಿ ಅಂಟಿಸಿಕೊಂಡರೆ ಈ ತಾಪತ್ರಯದ ಮುಕ್ಕಾಲು ಪಾಲು ತೀರುತ್ತದೆ.

ಕಲಿಯುವವರು 'ಫ್ರೆಂಡ್‌ಶಿಪ್ ಸ್ಟಾರ್' ಎಂಬ ನಾಲ್ಕು ಮೂಲೆಯ ಚುಕ್ಕಿಯಿಂದ ತೊಡಗುವುದು ವಾಸಿ. ಮೂರು ಸಾಲು, ಮೂರು ಕಂಬ, ಒಟ್ಟು ಒಂಬತ್ತು ಮನೆ. ಎರಡೇ ಬಣ್ಣ ಸಾಕು: ಚುಕ್ಕಿಗೊಂದು, ನೆಲಕ್ಕೊಂದು. ಮೂರೂವರೆ ಇಂಚಿನ ಚೌಕಗಳು ಐದು ಬೇಕು, ನಡುವಿನ ಮನೆಗೆ ಚುಕ್ಕಿಯ ಬಣ್ಣದ್ದು ಒಂದು, ನಾಲ್ಕು ಮೂಲೆಗೆ ನೆಲದ ಬಣ್ಣದವು ನಾಲ್ಕು. ಉಳಿದ ನಾಲ್ಕು ಮನೆಗಳಿಗೆ ಅರ್ಧ ಈ ಬಣ್ಣ, ಅರ್ಧ ಆ ಬಣ್ಣದ ಚೌಕ ಬೇಕು. ಇಲ್ಲೇ ಹೊಸಬರು ಸೋಲುವುದು. ಮೊದಲೇ ತ್ರಿಕೋನ ಕತ್ತರಿಸಿಟ್ಟುಕೊಂಡರೆ ಅದರ ಉದ್ದನೆಯ ಬದಿ ಬಟ್ಟೆಯ ಓರೆಗೆ ಬೀಳುತ್ತದೆ, ಓರೆ ಅಂಚು ಕೈ ತಾಗಿದರೆ ಜಗ್ಗುತ್ತದೆ. ಹಾಗಾಗಿ ಮೊದಲು ಹೊಲಿದು ಆಮೇಲೆ ಕತ್ತರಿಸಬೇಕು. ಎರಡೂ ಬಣ್ಣದಲ್ಲಿ ನಾಲ್ಕು ಇಂಚಿನ ಚೌಕ ಎರಡೆರಡು ತೆಗೆದು, ಮುಖಕ್ಕೆ ಮುಖ ಇಟ್ಟು ಜೋಡಿ ಮಾಡಿ, ಮೂಲೆಯಿಂದ ಮೂಲೆಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಗೆರೆಯ ಎರಡೂ ಪಕ್ಕ ಕಾಲು ಇಂಚು ಬಿಟ್ಟು ಹೊಲಿಯುವುದು. ಗೆರೆಯ ಮೇಲೆ ಕತ್ತರಿ ಆಡಿಸಿದರೆ ಒಂದು ಜೋಡಿಯಿಂದ ಎರಡು ಚೌಕ. ಅವನ್ನು ಬಿಡಿಸಿ, ಇಸ್ತ್ರಿ ಒತ್ತಿ, ಮೂರೂವರೆ ಇಂಚಿಗೆ ಸಮ ಮಾಡಬೇಕು. ಆಮೇಲೆ ಚುಕ್ಕಿಯ ಬಣ್ಣ ನಡುವಿನ ಮನೆಗೆ ತಾಗುವಂತೆ, ನಾಲ್ಕೂ ಒಂದೇ ದಿಕ್ಕಿಗೆ ತಿರುಗುವಂತೆ ಇಟ್ಟರೆ ಜಾತ್ರೆಯ ಗಿರಗಿಟ್ಲೆಯ ಹಾಗೆ ಚುಕ್ಕಿ ಏಳುತ್ತದೆ. ಸಾಲು ಸಾಲಾಗಿ ಹೊಲಿದು, ಮೂರು ಸಾಲು ಕೂಡಿಸಿದಾಗ ಚೌಕಟ್ಟು ಒಂಬತ್ತೂವರೆ ಇಂಚು. ಅಕ್ಕಪಕ್ಕದ್ದಕ್ಕೆ ಜೋಡಿಸಿದ ಮೇಲೆ ಒಂಬತ್ತು.

ಓಹಾಯೊ ಸ್ಟಾರ್‌ಗೂ ಒಂಬತ್ತೇ ಮನೆ. ಆದರೆ ಪಕ್ಕದ ನಾಲ್ಕು ಮನೆಗಳಲ್ಲಿ ತಲಾ ನಾಲ್ಕು ತ್ರಿಕೋನ ಇರುವುದರಿಂದ ಮೂಲೆ ಎಂಟಾಗುತ್ತವೆ, ತುಂಡುಗಳ ಸಂಖ್ಯೆ ಹದಿಮೂರರಿಂದ ಇಪ್ಪತ್ತೊಂದಕ್ಕೆ ಏರುತ್ತದೆ. ಅದಕ್ಕೆ ಕೈ ಕೂತ ಮೇಲೆ ಹೋಗಬಹುದು.

ಬಟ್ಟೆಗೆ ಬರ ಇಲ್ಲ. ಹಳೇ ಇಳಕಲ್ ಸೀರೆಯ ಒಡಲು ನೂಲಿನದಾದರೆ ತೊಳೆದು ತೊಳೆದು ಮೆತ್ತಗಾಗಿರುತ್ತದೆ, ನೆಲದ ಬಣ್ಣಕ್ಕೆ ಅದು ಹೇಳಿ ಮಾಡಿಸಿದ್ದು. ಅದರ ಕೆಂಪು ಸೆರಗು, ತೋಪ ತೆನೆಯ ಬಿಳಿ ಕೆಂಪು ಚುಕ್ಕಿಯ ಒಡಲಿಗೆ ಒಪ್ಪುತ್ತದೆ. ದರ್ಜಿಗಳ ಅಂಗಡಿಯಲ್ಲಿ ಕುಪ್ಪಸ ಹೊಲಿದು ಮಿಕ್ಕ ಗುಳೇದಗುಡ್ಡ ಖಣದ ತುಂಡುಗಳು ಹೇಗೂ ಮೂಲೆಯಲ್ಲಿ ಬಿದ್ದಿರುತ್ತವೆ. ಖಣ ನೋಡಲು ಚೆಂದ, ಹೊಲಿಯಲು ಕಷ್ಟ. ಅಂಚಿನ ಎಳೆ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ಹಿಂದೆ ಇಸ್ತ್ರಿಯಿಂದ ಅಂಟುವ ಕ್ಯಾನ್ವಾಸ್ ಕೊಟ್ಟೇ ಕತ್ತರಿಸಬೇಕು. ಹೊಸ ಬಟ್ಟೆಯೇ ಬೇಕೆಂದರೆ ನಿಪ್ಪಾಣಿಯಿಂದ ಇಚಲಕರಂಜಿ ದೂರವಲ್ಲ. 1904ರಿಂದ ವಿದ್ಯುತ್ ಮಗ್ಗ ಓಡುತ್ತಿರುವ ಊರದು, ಸಾದಾ ಹತ್ತಿ ಬಟ್ಟೆಗೆ ಅಲ್ಲಿ ಕೊರತೆಯಿಲ್ಲ. ದೂರವಿಡಬೇಕಾದದ್ದು ಜಾರುವ ಪಾಲಿಯೆಸ್ಟರ್ ಸೀರೆಗಳನ್ನು. ಇಸ್ತ್ರಿಗೆ ಮುದುಡುತ್ತವೆ, ಮಡಿಕೆ ನಿಲ್ಲುವುದಿಲ್ಲ, ಹತ್ತಿಯ ಪಕ್ಕ ಕೂತು ಜಗಳವಾಡುತ್ತವೆ. ಕೆಂಪು ಬಟ್ಟೆಯನ್ನಂತೂ ಉಪ್ಪುನೀರಲ್ಲಿ ನೆನೆಸಿ, ಬಿಳಿ ಚಿಂದಿಯ ಜೊತೆ ಒಮ್ಮೆ ಹಿಂಡಿ ಬಣ್ಣ ಬಿಡುತ್ತದೋ ನೋಡಿಯೇ ಕತ್ತರಿ ಹಚ್ಚಬೇಕು.

ಏನು ಮಾಡುವುದು? ಬಾಗಿಲಿಗೆ ಐದು ಚುಕ್ಕಿಯ ತೋರಣ, ಚಹಾದ ತಟ್ಟೆಯ ಹಾಸು, ಉಡಿ ತುಂಬಲು ಒಯ್ಯುವ ಚೀಲ, ಪಂಚಮಿಗೆ ತವರಿಗೆ ಬಂದ ಮಗಳ ಕೂಸಿಗೆ ದುಪ್ಪಟಿ. ಚುಕ್ಕಿಯ ಚೌಕ ನಾಲ್ಕು ಹೊಲಿದು ಆಕಾಶಬುಟ್ಟಿಯ ಬದಿಗಳನ್ನೂ ಮಾಡಬಹುದು, ಬೆಳಕು ಹಾಯುವಂಥ ತೆಳು ಹತ್ತಿಯಾದರೆ ಹೊಲಿಗೆಯ ಗೆರೆಗಳೂ ಒಳಗಿನಿಂದ ಕಾಣುತ್ತವೆ. ಆದರೆ ಒಳಗೆ ಇರಬೇಕಾದದ್ದು ಬಿಸಿಯಾಗದ ಪುಟ್ಟ ಎಲ್‌ಇಡಿ ದೀಪ ಮಾತ್ರ, ಹಣತೆಯಾಗಲಿ ಹಳೇ ಕಾಲದ ಬಲ್ಬಾಗಲಿ ಅಲ್ಲ. ಕ್ರಿಸ್‌ಮಸ್ಸಿಗೆ ಮನೆಮುಂದೆ ನಕ್ಷತ್ರ ತೂಗುವವರಿಗೆ ಇದೇ ಚುಕ್ಕಿ ಕೆಂಪು ಹಸಿರಿನಲ್ಲಿ ಆಗುತ್ತದೆ. ಆಕಾಶಬುಟ್ಟಿಯೊಂದನ್ನು ಬಿಟ್ಟು ಉಳಿದವಕ್ಕೆ ಹಿಂದೆ ಮೆತ್ತೆ ಕೊಟ್ಟು ಕೌದಿಯ ಹೊಲಿಗೆಯನ್ನೇ ಹಾಕಬೇಕು. ಮೇಲ್ಮೈ ಮಷೀನಿನಲ್ಲಿ ಜೋಡಿಸಿದರೆ ತಪ್ಪೇನಿಲ್ಲ, ಆದರೆ ಪದರ ಕೂಡಿಸುವ ಸಾಲುಹೊಲಿಗೆ ಕೈಯದ್ದೇ ಇರಲಿ. ಅದನ್ನೂ ಮಷೀನಿಗೆ ಒಪ್ಪಿಸಿದರೆ ಉಳಿಯುವುದು ಆನ್‌ಲೈನ್ ಅಂಗಡಿಯ ದಿಂಬಿನ ಚೀಲ, ಅದನ್ನು ನಮಗಿಂತ ಅಗ್ಗಕ್ಕೆ ಮಾಡುವವರು ಬೇಕಾದಷ್ಟಿದ್ದಾರೆ.

ಮಾರಾಟಕ್ಕಿಳಿದರೆ ಬೆಲೆಯ ಪ್ರಶ್ನೆ ಬರುತ್ತದೆ. ಕೈಕೆಲಸಕ್ಕೆ ಹೊರಗೆ ಎಷ್ಟು ಮರ್ಯಾದೆಯಿದೆ ಎಂಬುದು ಈ ನಾಡಿಗೆ ಹೊಸ ಸುದ್ದಿಯಲ್ಲ. ಅಥಣಿ, ನಿಪ್ಪಾಣಿಯ ಕಡೆ ತಯಾರಾಗುವ ಚಪ್ಪಲಿ ಕೊಲ್ಹಾಪುರಿ ಹೆಸರಲ್ಲಿ ದೇಶ ಸುತ್ತುತ್ತದೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಅದನ್ನೇ ಹೋಲುವ ಚಪ್ಪಲಿಯನ್ನು ಮಿಲಾನಿನ ವೇದಿಕೆ ಹತ್ತಿಸಿ, ಮೂಲ ಯಾರದೆಂದು ಹೇಳದೆ ಟೀಕೆಗೆ ಗುರಿಯಾಯಿತು. ಇನ್ನು ಕೂಲಿಯ ಲೆಕ್ಕ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಸಂಘ ಕಟ್ಟಿ ಎದ್ದು ನಿಂತದ್ದರ ಮೇಲೆ ಯುಗಾಂತರ ಎಂಬ ಸಿನಿಮಾ ಬಳಗ 1982ರಲ್ಲೇ 'ತಂಬಾಕು ಚಾಕಿಲಾ ಊಬ ಆಲಿ' ಎಂಬ ಚಿತ್ರ ಮಾಡಿದೆ. ಬೀಡಿಗೆ ಸಾವಿರದ ಲೆಕ್ಕದಲ್ಲಾದರೂ ಕೂಲಿ ಇದೆ, ಕೌದಿಗೆ ಅದೂ ಇಲ್ಲ. "ಹಳೇ ಬಟ್ಟೆ ನಮ್ಮದೇ ಅಲ್ಲವಾ" ಎಂದು ಚೌಕಾಶಿ ಮಾಡುವವರೇ ಹೆಚ್ಚು. ಬಟ್ಟೆ ನಿಮ್ಮದೇ, ಕಣ್ಣು ಮತ್ತು ಬೆನ್ನು ಹೊಲಿಯುವವರದು.

ಹಾಗಾಗಿ ಸ್ತ್ರೀಶಕ್ತಿ ಸಂಘದವರಾಗಲಿ, ಮನೆಯಲ್ಲೇ ಕೂತು ಹೊಲಿಯುವವರಾಗಲಿ, ಮೊದಲ ಚುಕ್ಕಿಯಿಂದಲೇ ಎಷ್ಟು ಹೊತ್ತು ಹಿಡಿಯಿತೆಂದು ಬರೆದಿಡಬೇಕು. ಕತ್ತರಿಸಿದ್ದು, ಇಸ್ತ್ರಿ ಮಾಡಿದ್ದು ಕೂಡ ಹೊತ್ತೇ. ಕೊಳ್ಳುವವರೇ, ನಿಮ್ಮ ಓಣಿಯಲ್ಲಿ ಇನ್ನೂ ಕೌದಿ ಹೊಲಿಯಬಲ್ಲ ಅಜ್ಜಿಯರಿದ್ದರೆ ಈ ದೀಪಾವಳಿಗೆ ನಾಲ್ಕು ಚುಕ್ಕಿ ಅವರಿಗೇ ಹೇಳಿ, ಬ್ಲಾಂಕೆಟ್ಟಿನ ದರ ಎತ್ತದೆ ಅವರು ಕೇಳಿದ ಕೂಲಿ ಕೊಡಿ. ಹಬ್ಬದ ವಾರ ಹೇಳಿದರೆ ಆಗುವ ಕೆಲಸವಲ್ಲ ಇದು, ಗಣಪತಿ ಹಬ್ಬ ಮುಗಿಯುತ್ತಲೇ ಬಟ್ಟೆ ಕಳಿಸಿ.