ಪರದೇಶದ ವ್ಯಾಸಂಗ: ಆಯ್ಕೆಯ ಬಗೆ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದರು ಹಿರಿಯರು. ಪರದೇಶದ ವ್ಯಾಸಂಗದಲ್ಲಿ ಇವೆರಡೂ ಒಂದೇ ಖರ್ಚಿನಲ್ಲಿ ಮುಗಿಯುತ್ತವೆಂದು ನಮ್ಮ ತರಗತಿಯ ಗೆಳೆಯರು ವಿನೋದವಾಗಿ ಹೇಳುವುದುಂಟು. ಆದರೆ ಆ ಖರ್ಚು ಯಾರದು ಎಂಬುದು ವಿನೋದದ ಮಾತಲ್ಲ. ನನ್ನ ತಂದೆಯವರು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವವರು. ನಮ್ಮ ಮನೆತನದಲ್ಲಿ ಬಿ.ಎ. ತರಗತಿಯನ್ನು ಕಂಡವನು ನಾನೇ ಮೊದಲಿಗ. ನಮ್ಮಂಥವರು ಪರದೇಶದ ವಿದ್ಯಾಲಯವನ್ನು ಆರಿಸುವುದು ಹೇಗೆಂದು ಈ ವರ್ಷ ವಿಚಾರಿಸಿ ತಿಳಿದಷ್ಟನ್ನು ಇಲ್ಲಿ ಅರಿಕೆ ಮಾಡುತ್ತೇನೆ.

'ಯಾವ ದೇಶ?' ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಮೊದಲು ಕೇಳಬೇಕಾದುದು 'ಯಾವ ವಿಷಯ, ಯಾರ ಬಳಿ?' ಎಂಬುದು. ಮೈಸೂರಿನ ಎಂ. ಎನ್. ಶ್ರೀನಿವಾಸರು ೧೯೪೫ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್, ಅವರ ಬಳಿಕ ಇವಾನ್ಸ್-ಪ್ರಿಚರ್ಡ್, ಇಬ್ಬರು ಮಾನವಶಾಸ್ತ್ರಜ್ಞರ ಕೈಕೆಳಗೆ ಕಲಿತರು. ಕೊಡಗರ ಧರ್ಮ ಮತ್ತು ಸಮಾಜವನ್ನು ಕುರಿತ ಅವರ ಗ್ರಂಥ ೧೯೫೨ರಲ್ಲಿ ಹೊರಬಂದಿತು. ಓದಿದ್ದು ಆಕ್ಸ್‌ಫರ್ಡಿನಲ್ಲಿ, ಅರಿತದ್ದು ಕೊಡಗನ್ನು! ಯು. ಆರ್. ಅನಂತಮೂರ್ತಿಯವರು ಕಾಮನ್‌ವೆಲ್ತ್ ವಿದ್ಯಾರ್ಥಿವೇತನದಿಂದ ಬರ್ಮಿಂಗ್‌ಹ್ಯಾಮಿಗೆ ಹೋಗಿ ೧೯೬೬ರಲ್ಲಿ ಡಾಕ್ಟರೇಟ್ ಪಡೆದರು. 'ಸಂಸ್ಕಾರ'ವನ್ನು ಬರೆದುದೂ ಅಲ್ಲಿದ್ದಾಗಲೇ.

ಎರಡನೆಯ ಪ್ರಶ್ನೆ, ನಮ್ಮ ಪದವಿ ಅಲ್ಲಿ ಸಲ್ಲುತ್ತದೆಯೆ ಎಂಬುದು. ೨೦೨೧ರಲ್ಲಿ ನಮ್ಮ ರಾಜ್ಯಕ್ಕೆ ನಾಲ್ಕು ವರ್ಷದ ಆನರ್ಸ್ ಪದವಿ ಬಂದಿತು. ೨೦೨೪ರಲ್ಲಿ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಬ್ರಿಟನ್ನಿನ ವಿಶ್ವವಿದ್ಯಾನಿಲಯಗಳು ಸಾಮಾನ್ಯವಾಗಿ ಮೂರು ವರ್ಷದ ಪದವಿಯನ್ನು ಒಪ್ಪುತ್ತವೆ; ಅಲ್ಲಿ ಎಂ.ಎ. ಬಹುಮಟ್ಟಿಗೆ ಒಂದೇ ವರ್ಷದ್ದು. ಅಮೆರಿಕದ ಅನೇಕ ವಿಶ್ವವಿದ್ಯಾನಿಲಯಗಳು ಒಟ್ಟು ಹದಿನಾರು ವರ್ಷದ ಓದನ್ನು ಕೇಳುತ್ತವೆ. ನಮ್ಮದು ಹದಿನೈದಕ್ಕೇ ಮುಗಿಯುತ್ತದೆ. ಅರ್ಜಿಯ ಶುಲ್ಕ ಕಟ್ಟುವ ಮುನ್ನವೇ ಇದನ್ನು ನೋಡಿಕೊಳ್ಳುವುದು ಲೇಸು.

ಮೂರನೆಯದು ಹಣ. ಜರ್ಮನಿಯಲ್ಲಿ ಓದು ಉಚಿತವೆಂಬ ಮಾತು ಅರ್ಧ ನಿಜ. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಬೋಧನಾಶುಲ್ಕವಿಲ್ಲ. ಆದರೆ ಬಾಡೆನ್-ವುರ್ಟೆಂಬರ್ಗ್ ಪ್ರಾಂತ್ಯವು ೨೦೧೭ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ ೧,೫೦೦ ಯೂರೋ ಶುಲ್ಕ ವಿಧಿಸಿದೆ. ವೀಸಾಕ್ಕೆ ವರ್ಷದ ಜೀವನವೆಚ್ಚವನ್ನು ಬ್ಯಾಂಕಿನಲ್ಲಿ ಮುಂಗಡ ಇಟ್ಟು ತೋರಿಸಬೇಕು. ೨೦೨೪ರ ಸೆಪ್ಟೆಂಬರಿನಲ್ಲಿ ಈ ಮೊತ್ತವನ್ನು ೧೧,೯೦೪ ಯೂರೋ ಎಂದು ಗೊತ್ತುಮಾಡಿದರು. ಹತ್ತು ಲಕ್ಷ ರೂಪಾಯಿಗೂ ಮೀರಿದ ಹಣ. ಅದು ತಿಂಗಳು ತಿಂಗಳು ನಮ್ಮ ಕೈಗೇ ಮರಳುತ್ತದೆ, ನಿಜ. ಆದರೆ ಮೊದಲು ನಮ್ಮ ಕೈಯಲ್ಲಿರಬೇಕಲ್ಲ! ಶಿಕ್ಷಣಸಾಲ ಏಳೂವರೆ ಲಕ್ಷವನ್ನು ಮೀರಿದರೆ ಸರ್ಕಾರಿ ಬ್ಯಾಂಕುಗಳು ಸಾಮಾನ್ಯವಾಗಿ ಮನೆ, ನಿವೇಶನಗಳ ಆಧಾರ ಬೇಡುತ್ತವೆ. "ಮನೆಪತ್ರ ಇದೆಯಲ್ಲ, ಇಡೋಣ ಬಿಡು" ಎಂದರು ನಮ್ಮ ತಂದೆಯವರು. ಅವರು ಅಷ್ಟು ಸುಲಭವಾಗಿ ಹೇಳಿದುದರಿಂದಲೇ ನನಗೆ ಆ ಪತ್ರವನ್ನು ಕೇಳುವ ಮನಸ್ಸಾಗಲಿಲ್ಲ.

ಇನ್ನು ವಿದ್ಯಾರ್ಥಿವೇತನ. ಬ್ರಿಟನ್ನಿನ ಚೀವ್ನಿಂಗ್ ವೇತನವು ಶುಲ್ಕವನ್ನೂ ಜೀವನವೆಚ್ಚವನ್ನೂ ಕೊಡುತ್ತದೆ. ಆದರೆ ಎರಡು ವರ್ಷದ ಕೆಲಸದ ಅನುಭವ ಕೇಳುತ್ತದೆ. ಪರಿಶಿಷ್ಟ ಜಾತಿ ಮೊದಲಾದ ವರ್ಗಗಳ ಬಡ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ಆದರೆ ಭಾರತದ ಸಂಸ್ಕೃತಿ, ಇತಿಹಾಸ, ಸಮಾಜಗಳನ್ನು ಕುರಿತ ವಿಷಯಗಳನ್ನು ೨೦೨೨ರ ನಿಯಮಗಳು ಅದರಿಂದ ಹೊರಗಿಟ್ಟವು. ಶ್ರೀನಿವಾಸರು ಕೊಡಗನ್ನು ಕುರಿತು ನಡೆಸಿದಂಥ ಅಧ್ಯಯನಕ್ಕೆ ಆ ನಿಯಮದಲ್ಲಿ ಎಡೆಯಿಲ್ಲ. ಕಲಾವಿಭಾಗದ ನಾವು ಇದನ್ನು ಗಮನಿಸತಕ್ಕದ್ದು.

ಇಷ್ಟನ್ನೂ ತೂಗಿ ನಾನು ಮಾಡಿಕೊಂಡ ನಿರ್ಧಾರವಿದು: ಪೀಣ್ಯದ ಕಾರ್ಮಿಕರ ಬದುಕನ್ನು ವಿಷಯವಾಗಿಟ್ಟುಕೊಂಡು ಮೊದಲು ಇಲ್ಲಿಯೇ ಸಮಾಜಶಾಸ್ತ್ರದ ಎಂ.ಎ. ಮಾಡುವುದು, ಬಳಿಕ ಆ ವಿಷಯವನ್ನು ಬಲ್ಲ ಗುರುಗಳಿರುವ ಕಡೆಗೆ ವಿದ್ಯಾರ್ಥಿವೇತನ ಬೇಡಿ ಅರ್ಜಿ ಹಾಕುವುದು. ಎರಡು ವರ್ಷ ತಡವಾದೀತು. ಆದರೆ ತಡವಾಗಿ ಹೋದವನು ಓದಿ ಹಿಂದಿರುಗಬಹುದು. ಮನೆಯನ್ನೇ ಒತ್ತೆಯಿಟ್ಟು ಹೋದವನು ಓದು ಮುಗಿದರೂ ಸಾಲ ತೀರುವವರೆಗೆ ಹಿಂದಿರುಗಲಾರ. ದೂರದ ಬೆಟ್ಟ ನುಣ್ಣಗೆ ಕಂಡರೂ ಹತ್ತುವುದು ನಮ್ಮ ಕಾಲುಗಳೇ ಎಂಬುದನ್ನು ವಿದ್ಯಾರ್ಥಿ ಮಿತ್ರರು ಮರೆಯಬಾರದು.