ಗುಡಾಣದ ಪಟಿಕ ಆಸ್ಪತ್ರೆ ಸೇರಿದ ಕಥೆ

ತಲಕಾಡಿನ ವೈದ್ಯೇಶ್ವರನ ಕಥೆ ಶುರುವಾಗುವುದೇ ರಕ್ತದಿಂದ. ಆನೆಗಳು ದಿನವೂ ಬಂದು ಪೂಜಿಸುತ್ತಿದ್ದ ಬೂರುಗದ ಮರವೊಂದಕ್ಕೆ ತಲ, ಕಾಡ ಎಂಬ ಇಬ್ಬರು ಬೇಡರು ಕೊಡಲಿ ಹಾಕಿದರಂತೆ. ಏಟು ಬಿದ್ದಲ್ಲಿ ರಕ್ತ ಚಿಮ್ಮಿತು. ಹೆದರಿ ನಿಂತವರಿಗೆ ಅಶರೀರವಾಣಿ ಕೇಳಿಸಿತು: ಇದೇ ಮರದ ಎಲೆ, ಕಾಯಿ ತಂದು ಗಾಯಕ್ಕೆ ಕಟ್ಟಿ. ಕಟ್ಟಿದರು, ರಕ್ತ ಹೋಗಿ ಹಾಲಾಯಿತು. ತನ್ನ ಗಾಯಕ್ಕೆ ತಾನೇ ಮದ್ದು ಹೇಳಿಕೊಂಡ ಶಿವ ವೈದ್ಯೇಶ್ವರನಾದ. ರೋಗಿಯೂ ಅವನೇ, ಡಾಕ್ಟರೂ ಅವನೇ. ಫೀಸಿನ ತಕರಾರೇ ಇಲ್ಲ.

ನಮ್ಮ ಸೀಮೆಯಲ್ಲಿ ದೇವರಿಗೆ ವೈದ್ಯವೃತ್ತಿ ಹೊಸದಲ್ಲ. ತಿ. ನರಸೀಪುರದಲ್ಲಿ ಕಾವೇರಿಯನ್ನು ಕೂಡುವ ಕಪಿಲೆಯ ಜಾಡು ಹಿಡಿದು ಮೇಲಕ್ಕೆ ಹೋದರೆ ನಂಜನಗೂಡು. ಅಲ್ಲಿಯ ನಂಜುಂಡ ಟಿಪ್ಪು ಸುಲ್ತಾನನ ಆನೆಯ ಕಣ್ಣು ವಾಸಿ ಮಾಡಿ ‘ಹಕೀಮ ನಂಜುಂಡ’ ಎನ್ನಿಸಿಕೊಂಡ, ಸುಲ್ತಾನನಿಂದ ಪಚ್ಚೆಯ ಲಿಂಗ ಪಡೆದ ಎನ್ನುತ್ತಾರೆ. ಕಣ್ಣಿಗೆ, ಚರ್ಮಕ್ಕೆ, ನಂಜಿಗೆ ಇಲ್ಲಿ ಹರಕೆ ಹೊರುತ್ತಾರೆ. ಆದರೆ ನಾನು ಹೇಳಹೊರಟಿರುವ ಕಾಯಿಲೆಗೆ ಹರಕೆ ಹೊತ್ತವರನ್ನು ನಾನು ಕಂಡಿಲ್ಲ. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದೇ ಇಲ್ಲ, ದೇವರಿಗೂ.

ನನಗೆ ಅದು ಗೊತ್ತಾದದ್ದು ದೊಡ್ಡಮ್ಮನಿಂದ. ಹೊಳೆಯ ಈಚೆ ದಡದ ಹಳ್ಳಿಯವರು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ತಿಳಿದು, ಬೆಂಗಳೂರಿಗೆ ಹೋಗಿ ‘ಕರೆಂಟು ಕೊಡಿಸಿಕೊಂಡು’ ಬಂದಿದ್ದರು. ವಿಕಿರಣ ಚಿಕಿತ್ಸೆ ಎಂಬುದು ಪುಸ್ತಕದ ಮಾತು. ನಮ್ಮ ಕಡೆ ಅದು ಕರೆಂಟೇ. ಐದು ವಾರ ಹೊರಗಿನ ಕರೆಂಟು, ಆಮೇಲೆ ಒಳಗೆ ಇಡುವ ಕರೆಂಟು. ಗೆದ್ದು ಬಂದರು. ಕಳೆ ಕಿತ್ತರು, ಇಬ್ಬರು ಹೆಣ್ಣುಮಕ್ಕಳ ಬಾಣಂತನ ಮಾಡಿದರು, ಮುಡುಕುತೊರೆ ಜಾತ್ರೆಯಲ್ಲಿ ಬೆಟ್ಟ ಹತ್ತಿದರು. ಹದಿನಾಲ್ಕನೆಯ ವರ್ಷದ ಬೇಸಿಗೆಯಲ್ಲಿ ಉಚ್ಚೆ ಕೆಂಪಾಯಿತು.

‘ಉಷ್ಣ’ ಎಂದರು ಮನೆಯವರು. ಎಳನೀರು, ಜೀರಿಗೆ ನೀರು, ಬಾಳೆದಿಂಡಿನ ರಸ ಎಲ್ಲ ಆಯಿತು. ಎರಡು ದಿನ ತಿಳಿಯಾಗುವುದು, ಮೂರನೇ ದಿನ ಮತ್ತೆ ಕೆಂಪು. ಒಂದು ರಾತ್ರಿ ಹೆಪ್ಪುಗಟ್ಟಿದ ರಕ್ತ ಅಡ್ಡ ಕೂತು ಉಚ್ಚೆಯೇ ಕಟ್ಟಿಹೋಯಿತು. ಗಾಡಿ ಮಾಡಿಕೊಂಡು ಊರಿಗೆ ಹತ್ತಿರದ ಆಸ್ಪತ್ರೆಗೆ ಓಡಿದೆವು. ‘ಹಿಂದೆ ಏನಾದರೂ ಕಾಯಿಲೆ ಆಗಿತ್ತಾ?’ ಎಂದು ಕೇಳಿದರು. ‘ಇಲ್ಲ’ ಎಂದರು ದೊಡ್ಡಮ್ಮ. ಸುಳ್ಳಲ್ಲ, ಗರ್ಭಕೋಶದ್ದು ಎಂದೋ ವಾಸಿಯಾಗಿತ್ತಲ್ಲ, ಅದಕ್ಕೂ ಉಚ್ಚೆಗೂ ಏನು ಸಂಬಂಧ? ಸೊಸೆಗೆ ಕರೆಂಟಿನ ವಿಷಯ ನೆನಪಾದದ್ದು ಮೂರನೆಯ ದಿನ. ಅಷ್ಟರಲ್ಲಿ ಎರಡು ಬಾಟಲಿ ರಕ್ತ ಏರಿಸಿದ್ದರು.

ದೊಡ್ಡಾಸ್ಪತ್ರೆಗೆ ಸಾಗಿಸಿದ ಮೇಲೆ ಮೂರು ದಾರಿಯ ಕೊಳವೆ ಹಾಕಿ, ಹೆಪ್ಪನ್ನೆಲ್ಲ ತೊಳೆದು ತೆಗೆದು, ಸಲೈನ್ ಹರಿಸುತ್ತ ಇಟ್ಟರು. ಕೆಂಪು ತಗ್ಗಲಿಲ್ಲ. ಮಾರನೆಯ ದಿನ ಬೇರೊಂದು ಚೀಲ ತೂಗುಹಾಕಿದರು. ಇದೇನು ಎಂದು ಕೇಳಿದ್ದಕ್ಕೆ ಎಳೆಯ ಡಾಕ್ಟರು ‘ಆಲಮ್’ ಎಂದು ಹೇಳಿ ಹೊರಟುಹೋದರು. ಮೊಬೈಲಿನಲ್ಲಿ ನೋಡಿದೆ. ಪಟಿಕ!

ಆಷಾಢದಲ್ಲಿ ಕಾವೇರಿ ಕೆಮ್ಮಣ್ಣು ಕಲಸಿಕೊಂಡು ಬರುತ್ತಿದ್ದಳು. ಆ ನೀರನ್ನೇ ಕುಡಿಯಬೇಕು. ಅಜ್ಜಿ ಗುಡಾಣ ತುಂಬಿಸಿ, ಪಟಿಕದ ತುಂಡನ್ನು ಬೆರಳಲ್ಲಿ ಹಿಡಿದು ನೀರಲ್ಲಿ ನಾಲ್ಕು ಸುತ್ತು ಆಡಿಸಿ ತೆಗೆದುಬಿಡುತ್ತಿದ್ದರು. ಪಟಿಕ ಇಲ್ಲದ ದಿನ ಚಿಲ್ಲದ ಬೀಜವನ್ನು ಮಡಕೆಯ ಒಳಮೈಗೆ ತೇಯುವುದು. ಬೆಳಗ್ಗೆ ನೋಡಿದರೆ ಕೆಸರು ತಳ ಸೇರಿ ಮೇಲೆ ಕನ್ನಡಿಯಂಥ ನೀರು. ಅದೇ ಪಟಿಕ ಕಪಿಲೆಯ ದಡದಲ್ಲಿ ಮುಡಿ ತೆಗೆಯುವವರ ಪೆಟ್ಟಿಗೆಯಲ್ಲೂ ಇರುತ್ತಿತ್ತು. ಕತ್ತಿ ತಾಗಿ ಬೋಳುತಲೆಯಲ್ಲಿ ರಕ್ತ ಜಿನುಗಿದರೆ ಒದ್ದೆ ಮಾಡಿದ ಪಟಿಕವನ್ನು ಒತ್ತುವುದು, ಮಗು ಕಿರುಚುವುದು, ರಕ್ತ ನಿಲ್ಲುವುದು.

ಕೆಸರಿನ ಕಣಗಳು ಒಂದನ್ನೊಂದು ತಳ್ಳುತ್ತ ತೇಲುತ್ತಿರುತ್ತವೆ. ಪಟಿಕದ ಅಲ್ಯೂಮಿನಿಯಂ ಆ ತಳ್ಳಾಟ ನಿಲ್ಲಿಸಿ ಅವನ್ನು ಗುಂಪುಗೂಡಿಸಿ ಕೆಳಗಿಳಿಸುತ್ತದೆ. ಗಾಯದ ಬಾಯಲ್ಲಿ ಅದು ಪ್ರೋಟೀನನ್ನು ಗರಣೆಗಟ್ಟಿಸುತ್ತದೆ, ಸಣ್ಣ ರಕ್ತನಾಳಗಳ ಬಾಯಿ ಬಿಗಿಯುತ್ತದೆ. ಮೂತ್ರಕೋಶದ ಒಳಮೈಯಲ್ಲೂ ಮಾಡುವುದು ಇಷ್ಟನ್ನೇ. ನೂರು ಪಾಲಿಗೆ ಒಂದು ಪಾಲು, ಕ್ರಿಮಿಶುದ್ಧ ಮಾಡಿದ ದ್ರಾವಣ, ಕೊಳವೆಯ ಮೂಲಕ. (ಮನೆಯಲ್ಲಿ ಪಟಿಕದ ನೀರು ಕುಡಿದರೆ ಆಯಿತಲ್ಲ ಎಂದು ಕೇಳಿದ ಚಿಕ್ಕಪ್ಪನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ: ಆಗುವುದಿಲ್ಲ. ಕುಡಿದದ್ದು ಪಟಿಕವಾಗಿ ಮೂತ್ರಕೋಶ ಸೇರುವುದಿಲ್ಲ. ಮೂತ್ರಪಿಂಡ ಸೋತವರಿಗಂತೂ ಅಲ್ಯೂಮಿನಿಯಂ ಮೈಯಲ್ಲೇ ಉಳಿದು ತಲೆಗೆ ಏರುತ್ತದೆ; ಆಸ್ಪತ್ರೆಯಲ್ಲೂ ಅಂಥವರಿಗೆ ಹಾಕಲು ಹಿಂದೆಮುಂದೆ ನೋಡುತ್ತಾರೆ.)

ಗುಡಾಣದ ಪಟಿಕ ಅಲ್ಲಿಗೆ ಹೇಗೆ ಹೋಯಿತು ಎಂದು ಹುಡುಕಲು ಹೊರಟವನಿಗೆ ಮೊದಲು ಸಿಕ್ಕಿದ್ದು ಪಟಿಕವಲ್ಲ, ರೇಡಿಯಂ. 1898ರಲ್ಲಿ ಕ್ಯೂರಿ ದಂಪತಿ ಅದನ್ನು ಕಂಡುಹಿಡಿದರು. ಐದೇ ವರ್ಷದಲ್ಲಿ, 1903ರಲ್ಲಿ, ನ್ಯೂಯಾರ್ಕಿನ ಡಾ. ಮಾರ್ಗರೆಟ್ ಕ್ಲೀವ್ಸ್ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಅದನ್ನು ಬಳಸಿದ ವರದಿ ಬರೆದರು. ಆಮೇಲೆ ಸ್ಟಾಕ್‌ಹೋಮಿನವರದೊಂದು ಕ್ರಮ, ಪ್ಯಾರಿಸ್ಸಿನವರದೊಂದು ಕ್ರಮ. ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆ ಎಂಬ ಲೆಕ್ಕದ ಜಗಳ. ಅದನ್ನು ಓದಿಸಿ ನಿಮ್ಮ ಭಾನುವಾರ ಹಾಳುಮಾಡುವುದಿಲ್ಲ. 1938ರಲ್ಲಿ ಮ್ಯಾಂಚೆಸ್ಟರಿನ ಮಾರ್ಗರೆಟ್ ಟಾಡ್ ಮತ್ತು ಮೆರೆಡಿತ್ ಒಂದು ಗುರುತು ಹಾಕಿದರು. ಯೋನಿಯ ಮೇಲ್ಕೊನೆಯಿಂದ ಎರಡು ಸೆಂಟಿಮೀಟರ್ ಮೇಲೆ, ಗರ್ಭಕೋಶದ ನಾಳದಿಂದ ಎರಡು ಸೆಂಟಿಮೀಟರ್ ಪಕ್ಕಕ್ಕೆ: ‘ಎ ಬಿಂದು’. ಆ ಬಿಂದುವಿಗೆ ಎಷ್ಟು ವಿಕಿರಣ ಬಿತ್ತು ಎಂಬುದೇ ಜಗತ್ತಿನ ಅಳತೆಗೋಲಾಯಿತು. ಲಕ್ಷಾಂತರ ಹೆಂಗಸರು ಅದರಿಂದ ಬದುಕಿದರು. ಆದರೆ ಗರ್ಭಕೋಶದ ಮುಂದೆಯೇ, ಒಂದು ತೆಳುಗೋಡೆಯಾಚೆ ಮೂತ್ರಕೋಶ ಕೂತಿದೆ. ಅದರ ಮೇಲೆ ಎಷ್ಟು ಬಿತ್ತು ಎಂದು ಎಲ್ಲರೂ ಒಂದೇ ರೀತಿ ಬರೆದಿಡಬೇಕು ಅನ್ನಿಸಿದ್ದು ಯಾವಾಗ?

1985ರಲ್ಲಿ. ನನಗೆ ಈ ವರ್ಷದ ಮೇಲೆ ಮೋಹ ಹತ್ತಿಬಿಟ್ಟಿದೆ. ವಿಕಿರಣದ ಅಳತೆಗಳನ್ನು ತೀರ್ಮಾನಿಸುವ ಅಂತರರಾಷ್ಟ್ರೀಯ ಆಯೋಗ ಆ ವರ್ಷ ತನ್ನ 38ನೆಯ ವರದಿಯಲ್ಲಿ ಮೂತ್ರಕೋಶಕ್ಕೂ ಒಂದು ಬಿಂದು ಕೊಟ್ಟಿತು. ಮೂತ್ರದ ಕೊಳವೆಯ ತುದಿಯ ಬಲೂನಿಗೆ ಎಕ್ಸ್‌ರೇಯಲ್ಲಿ ಕಾಣುವ ದ್ರವವನ್ನು 7 ಸಿ.ಸಿ. ತುಂಬಿ, ಅದರ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳಿ ಎಂದಿತು. ‘ಎ ಬಿಂದು’ ಹುಟ್ಟಿ ನಲವತ್ತೇಳು ವರ್ಷವಾಗಿತ್ತು! ಅದೇ 1985ರಲ್ಲಿ ಅಮೆರಿಕದ ವೈಸ್ ಮತ್ತು ಸಂಗಡಿಗರು, ಒತ್ತಡದ ಕೋಣೆಯಲ್ಲಿ ಕೂರಿಸಿ ಶುದ್ಧ ಆಮ್ಲಜನಕ ಕೊಟ್ಟರೆ ಕರೆಂಟಿನಿಂದ ಸೊರಗಿದ ಮೂತ್ರಕೋಶ ಚೇತರಿಸಿಕೊಳ್ಳುತ್ತದೆ ಎಂದು ಬರೆದರು. ಮತ್ತು ಅದೇ ವರ್ಷ, ವೈಸ್ ಬರೆದ ಮೂತ್ರರೋಗ ಪತ್ರಿಕೆಯಲ್ಲೇ, ಚಂಡೀಗಡದ ಪಿಜಿಐ ವೈದ್ಯರು ಪಟಿಕದಿಂದ ಮೂತ್ರಕೋಶದ ಭಾರೀ ರಕ್ತಸ್ರಾವ ನಿಲ್ಲಿಸಿದ್ದನ್ನು ವರದಿ ಮಾಡಿದರು. ಲೇಖಕರ ಪಟ್ಟಿಯಲ್ಲಿ ಒಬ್ಬರ ಹೆಸರು ವೈದ್ಯನಾಥನ್. ತಲಕಾಡಿನವನಿಗೆ ಇಷ್ಟು ಸಾಕು, ಕುರ್ಚಿಯಿಂದ ಎದ್ದು ನಿಂತೆ.

ಮೊದಲಿಗರು ಅವರಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಪಟಿಕವನ್ನು ಮೂತ್ರಕೋಶಕ್ಕೆ ಹರಿಸಿದ ವಿಷಯವನ್ನು 1982ರಲ್ಲೇ ಆಸ್ಟ್ರಾಫ್ ಮತ್ತು ಚೆನಾಲ್ಟ್ ಎಂಬ ಇಬ್ಬರು ಬರೆದಿದ್ದರು. ಅದಕ್ಕೂ ಮುಂಚೆ ವೈದ್ಯರ ಕೈಯಲ್ಲಿದ್ದದ್ದು ಫಾರ್ಮಲಿನ್. 1969ರಲ್ಲಿ ಆಸ್ಟ್ರೇಲಿಯಾದ ಬ್ರೌನ್ ಎಂಬವರು ತೋರಿಸಿಕೊಟ್ಟ ದಾರಿ. ಹೌದು, ಕಾಲೇಜಿನ ಪ್ರಯೋಗಾಲಯದಲ್ಲಿ ಕಪ್ಪೆ ಕೆಡದಂತೆ ಇಡುವ ಅದೇ ಫಾರ್ಮಲಿನ್. ರಕ್ತ ನಿಲ್ಲುತ್ತದೆ, ಆದರೆ ನೋವು ತಡೆಯಲಾಗದು, ಅರಿವಳಿಕೆ ಕೊಡಲೇಬೇಕು. ಮೂತ್ರನಾಳದ ಮೂಲಕ ಮೇಲಕ್ಕೆ ಹಿಮ್ಮೆಟ್ಟಿದರೆ ಮೂತ್ರಪಿಂಡಕ್ಕೇ ಕುತ್ತು. ಮೂತ್ರಕೋಶ ಚರ್ಮದ ಚೀಲದಂತೆ ಮುದುಡಿಕೊಳ್ಳಬಹುದು. ಅದರೆದುರು ಪಟಿಕ ಸಾಧು. ಅರಿವಳಿಕೆ ಬೇಡ, ಮಂಚದಲ್ಲೇ ಆಗುತ್ತದೆ. ನನ್ನ ಕಿರಿಕಿರಿ ಒಂದೇ. ನೀರು ತಿಳಿ ಮಾಡುವುದಕ್ಕೂ ಕತ್ತಿಯ ಗಾಯ ಕಟ್ಟುವುದಕ್ಕೂ ಪಟಿಕ ಬಳಸಿದ ನಮ್ಮ ಅಜ್ಜಿಯರು, ಕಪಿಲೆ ದಡದ ಕ್ಷೌರಿಕರು ಈ ಕಥೆಯ ಯಾವ ಅಡಿಟಿಪ್ಪಣಿಯಲ್ಲೂ ಇಲ್ಲ. ಇರಬೇಕಿತ್ತು ಎಂದು ಹಟ ಹಿಡಿದರೆ ನಗುತ್ತೀರಿ, ನಗಿ.

ಹದಿನಾಲ್ಕು ವರ್ಷ ಸುಮ್ಮನಿದ್ದದ್ದು ಈಗೇಕೆ ಎದ್ದಿತು ಎಂಬುದು ದೊಡ್ಡಮ್ಮನ ಪ್ರಶ್ನೆ. ‘ಯಾರ ಶಾಪವೋ’ ಎಂದರು. ತಲಕಾಡಿನ ಸುತ್ತ ಹುಟ್ಟಿದವರಿಗೆ ಶಾಪ ಬಾಯಿಪಾಠ. ಶ್ರೀರಂಗಪಟ್ಟಣ 1610ರಲ್ಲಿ ರಾಜ ಒಡೆಯರ ವಶವಾದ ಮೇಲೆ ಅಲಮೇಲಮ್ಮ ಮಾಲಂಗಿ ಮಡುವಿಗೆ ಹಾರುತ್ತ ಊರು ಮರಳಾಗಲಿ ಎಂದಳಂತೆ, ಆಯಿತಂತೆ. ವಿಜ್ಞಾನಿ, ಕಾದಂಬರಿಕಾರ ಕೆ.ಎನ್. ಗಣೇಶಯ್ಯನವರು 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಬೇರೆಯದೇ ಲೆಕ್ಕ ಮುಂದಿಟ್ಟರು. ಶಾಪಕ್ಕೂ ಬಹಳ ಮೊದಲೇ, 14ನೆಯ ಶತಮಾನದಲ್ಲಿ, ಊರಿನ ಮೇಲ್ಭಾಗದಲ್ಲಿ ಮಾಧವಮಂತ್ರಿ ಕಟ್ಟೆ ಎದ್ದಿತ್ತು. ನೀರು ಕಾಲುವೆಗೆ ತಿರುಗಿತು, ಗದ್ದೆಗಳು ಹಸುರಾದವು. ಕೆಳಗೆ ಹೊಳೆಯ ಪಾತ್ರ ಬತ್ತಿ, ಮರಳು ಮೈ ಬಿಟ್ಟುಕೊಂಡು ಬಿದ್ದಿತು. ಗಾಳಿ ವರ್ಷವರ್ಷವೂ ಒಂದೊಂದು ಹಿಡಿ ಎತ್ತಿ ಊರಿನ ಮೇಲೆ ಹಾಕಿತು. ಗುಡಿಗಳ ಗೋಪುರದವರೆಗೆ ಏರುವ ಹೊತ್ತಿಗೆ ಕಟ್ಟೆ ಕಟ್ಟಿದವರನ್ನು ಬೈಯಲು ಯಾರಿಗೂ ನೆನಪಿರಲಿಲ್ಲ. ಹಾರಿಕೊಂಡ ಹೆಂಗಸೊಬ್ಬಳು ಸಿಕ್ಕಳು.

ದೊಡ್ಡಮ್ಮನಿಗೆ ನಾನು ಕಟ್ಟೆಯ ಕಥೆಯನ್ನೇ ಹೇಳಿದೆ, ಅದು ಅವರಿಗೆ ಪಾಠಕ್ಕಿಂತ ಬೇಗ ಹಿಡಿಸಿತು. ಕರೆಂಟು ಕ್ಯಾನ್ಸರನ್ನು ಸುಟ್ಟಿತು, ಜೀವ ಉಳಿಸಿತು. ಜೊತೆಗೆ ಮೂತ್ರಕೋಶದ ಗೋಡೆಯ ಸಣ್ಣ ರಕ್ತನಾಳಗಳ ಒಳಪದರಕ್ಕೂ ತಗುಲಿತು. ಆ ನಾಳಗಳು ಅಂದೇ ಒಡೆಯುವುದಿಲ್ಲ. ವರ್ಷಗಟ್ಟಲೆ ಒಳಗೊಳಗೇ ದಪ್ಪಗಾಗುತ್ತ, ಮುಚ್ಚಿಕೊಳ್ಳುತ್ತ ಹೋಗುತ್ತವೆ. ರಕ್ತ, ಆಮ್ಲಜನಕ ಕಡಿಮೆಯಾದ ಗೋಡೆ ಹೊಸ ನಾಳಗಳನ್ನು ಹುಟ್ಟಿಸಿಕೊಳ್ಳುತ್ತದೆ; ಅವು ಎಳೆ ಬಳ್ಳಿಯಂತೆ ಸುರುಳಿಯಾಗಿ ಮೇಲ್ಮೈಗೇ ಬಂದು ಕೂರುತ್ತವೆ, ಮೂತ್ರಕೋಶ ತುಂಬಿ ಹಿಗ್ಗಿದರೂ ಸಾಕು, ಕಿತ್ತು ಸೋರುತ್ತವೆ. ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಆಸ್ಪತ್ರೆಯವರು 1994ರಲ್ಲಿ ಹಳೆಯ ಕಡತ ತೆಗೆದು, ಆರಂಭದ ಹಂತದ ಗರ್ಭಕೋಶದ ಬಾಯಿಯ ಕ್ಯಾನ್ಸರಿಗೆ ಕರೆಂಟು ಪಡೆದಿದ್ದ 1784 ಹೆಂಗಸರನ್ನು ಲೆಕ್ಕ ಹಾಕಿದರು. ಶೇ 6.5ರಷ್ಟು ಮಂದಿಗೆ ಹೀಗಾಗಿತ್ತು. ಅರ್ಧದಷ್ಟು ಜನಕ್ಕೆ ಮೂರು ವರ್ಷದೊಳಗೆ; ಉಳಿದವರಿಗೆ ಆಮೇಲೆ, ಕೆಲವರಿಗೆ ಬಹಳ ಆಮೇಲೆ.

ಲೆಕ್ಕ ಹಾಕಲು ಅವರಲ್ಲಿ ಕಡತ ಇತ್ತು ಎಂಬುದನ್ನು ಗಮನಿಸಿ. ನಮ್ಮಲ್ಲಿ ಕ್ಯಾನ್ಸರ್ ಲೆಕ್ಕವೇ ಇಲ್ಲ ಎಂದಲ್ಲ. ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾಗಿ, 1982ರಿಂದ ನಗರದ ಕ್ಯಾನ್ಸರ್ ನೋಂದಣಿಯನ್ನು ಬಿಡದೆ ನಡೆಸಿಕೊಂಡು ಬಂದಿದೆ. ಆ ದಿನಗಳಲ್ಲಿ ಹೆಂಗಸರ ಕ್ಯಾನ್ಸರಿನಲ್ಲಿ ಗರ್ಭಕೋಶದ ಬಾಯಿಯದೇ ಮೊದಲ ಸ್ಥಾನವಾಗಿತ್ತು ಎಂದು ಹೇಳುವುದು ಆ ನೋಂದಣಿಯೇ. ಈಗ ಸ್ತನದ ಕ್ಯಾನ್ಸರ್ ಮುಂದೆ ಹೋಗಿದೆ. ಆದರೆ ನೋಂದಣಿ ಎಣಿಸುವುದು ಕಾಯಿಲೆ ಬಂದವರನ್ನು. ವಾಸಿಯಾಗಿ ಊರಿಗೆ ಹೋಗಿ, ಹತ್ತು ಹದಿನೈದು ವರ್ಷಕ್ಕೆ ಉಚ್ಚೆ ಕೆಂಪಾದವರನ್ನು ಊರೂರಲ್ಲಿ ಯಾರು ಎಣಿಸುತ್ತಾರೆ? ದೊಡ್ಡಮ್ಮನ ಕಾಗದಗಳು ಕಣಜದ ಕೋಣೆಯ ಟ್ರಂಕಿನಲ್ಲಿ ಸಿಕ್ಕವು, ಅರ್ಧ ಗೆದ್ದಲಿಗೆ. ಉಳಿದ ಅರ್ಧದಲ್ಲಿ ಊಟ, ಮಾತ್ರೆ, ಮುಂದಿನ ಭೇಟಿಯ ದಿನ ಎಲ್ಲ ಇತ್ತು. ‘ಎಷ್ಟೇ ವರ್ಷವಾಗಲಿ, ಉಚ್ಚೆಯಲ್ಲಿ ರಕ್ತ ಕಂಡರೆ ಈ ಚೀಟಿ ಹಿಡಿದು ಬನ್ನಿ’ ಎಂಬ ಒಂದು ಸಾಲು ಇರಲಿಲ್ಲ. ಗೆದ್ದಲು ತಿಂದ ಅರ್ಧದಲ್ಲಿ ಇತ್ತೇನೋ ಎಂದು ಈಗಲೂ ನ್ಯಾಯ ಮಾಡಲು ನೋಡುತ್ತೇನೆ.

ಚೀಟಿ ಮುಖ್ಯವಾಗುವುದು ಸುಮ್ಮನೆ ಅಲ್ಲ. ಕರೆಂಟು ಪಡೆದವರ ರಕ್ತವೆಲ್ಲ ಕರೆಂಟಿನದೇ ಎಂದುಕೊಳ್ಳುವಂತಿಲ್ಲ. ಸೋಂಕಿರಬಹುದು, ಕಲ್ಲಿರಬಹುದು, ಹಳೆಯ ಕ್ಯಾನ್ಸರ್ ಮರಳಿರಬಹುದು, ಮೂತ್ರಕೋಶದಲ್ಲೇ ಹೊಸ ಗೆಡ್ಡೆ ಎದ್ದಿರಬಹುದು. ಅದಕ್ಕೇ ಮೂತ್ರ ಪರೀಕ್ಷೆ, ಸ್ಕ್ಯಾನು, ದುರ್ಬೀನು ಹಾಕಿ ನೋಡುವುದು. ಹಾಗೆ ನೋಡುವವರಿಗೆ ಇದು ಕರೆಂಟು ಬಿದ್ದ ಗೋಡೆ ಎಂದು ಮೊದಲೇ ತಿಳಿದಿರಬೇಕು. ಇಲ್ಲದಿದ್ದರೆ ತುಣುಕು ಕತ್ತರಿಸಿದ ಜಾಗ ಒಣಗದೆ ತೂತಾಗಿ, ಮೂತ್ರ ಯೋನಿಯ ದಾರಿ ಹಿಡಿದುಬಿಡಬಹುದು.

ದೊಡ್ಡಮ್ಮನಿಗೆ ಪಟಿಕ ಹಿಡಿಯಿತು. ಮೂರನೇ ದಿನಕ್ಕೆ ಕೊಳವೆಯಲ್ಲಿ ಬೆಲ್ಲದ ನೀರಿನ ಬಣ್ಣ, ಐದನೇ ದಿನಕ್ಕೆ ತಿಳಿ. ಎಂಟು ತಿಂಗಳಿಗೆ ಮತ್ತೆ ಬಂತು. ಪಟಿಕ ಸೋರುವುದನ್ನು ಮುಚ್ಚುತ್ತದೆ, ಗೋಡೆಯನ್ನು ಹೊಸದು ಮಾಡುವುದಿಲ್ಲ. ಎರಡನೆಯ ಸಲ ದುರ್ಬೀನಿನ ಮೂಲಕ ನಾಳಗಳ ಬಾಯಿ ಸುಟ್ಟು ನಿಲ್ಲಿಸಿದರು. ಆಮ್ಲಜನಕದ ಕೋಣೆಯ ಮಾತೂ ಬಂತು. ಆ ವಿಷಯದಲ್ಲಿ ಗಟ್ಟಿ ಪರೀಕ್ಷೆ ನಡೆದದ್ದು ತೀರ ಈಚೆಗೆ: ನಾರ್ಡಿಕ್ ದೇಶಗಳ ಐದು ವಿಶ್ವವಿದ್ಯಾಲಯ ಆಸ್ಪತ್ರೆಗಳು 87 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ನೋಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದವು. ಕೋಣೆಯಲ್ಲಿ 30ರಿಂದ 40 ಸಲ ಕೂತವರ ಮೂತ್ರದ ತೊಂದರೆ ಚೆನ್ನಾಗಿ ತಗ್ಗಿತ್ತು. ಆಮ್ಲಜನಕ ಹೆಚ್ಚಾದ ಗೋಡೆಯಲ್ಲಿ ಒಳ್ಳೆಯ ರಕ್ತನಾಳಗಳು ಮತ್ತೆ ಚಿಗುರುತ್ತವೆ. ಒಳ್ಳೆಯದೇ. ಆದರೆ ನಲವತ್ತು ದಿನ ದಿನವೂ ಒಂದೂವರೆ ಗಂಟೆ ಕೂರಲು ನಮ್ಮೂರಿನವರು ಎಲ್ಲಿ ಇಳಿದುಕೊಳ್ಳಬೇಕು, ಹಸುವಿಗೆ ಹುಲ್ಲು ಯಾರು ಹಾಕಬೇಕು? ದೊಡ್ಡಮ್ಮ ‘ನಾಟಿ ಮುಗೀಲಿ’ ಎಂದರು. ನಾಟಿ ಮುಗಿದಿದೆ, ಕೊಯ್ಲೂ ಮುಗಿದಿದೆ. ಉಚ್ಚೆ ಸದ್ಯ ತಿಳಿಯಾಗಿದೆ. ಗೆದ್ದಲು ಬಿಟ್ಟ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿ ಸೊಸೆ ಕ್ಯಾಲೆಂಡರಿನ ಹಿಂದೆ ತೂಗುಹಾಕಿದ್ದಾಳೆ.

ಕಳೆದ ತಿಂಗಳು ನಂಜನಗೂಡಿಗೆ ಹೋದಾಗ ಕಪಿಲೆಯ ದಡದಲ್ಲಿ ಮುಡಿ ತೆಗೆಯುವವರನ್ನು ನೋಡುತ್ತ ನಿಂತೆ. ಈಗ ಬ್ಲೇಡು ಬಂದಿದೆ, ಸ್ಪ್ರೇ ಬಾಟಲಿ ಬಂದಿದೆ. ಪಟಿಕ ಒಬ್ಬರ ಪೆಟ್ಟಿಗೆಯಲ್ಲೂ ಕಾಣಲಿಲ್ಲ. ದೇವಸ್ಥಾನದ ಬೀದಿಯ ಗ್ರಂಧಿಗೆ ಅಂಗಡಿಯಲ್ಲಿ ಕೇಳಿದೆ. ಕರಿದಾರ ಕಟ್ಟಿದ ಉಂಡೆಯೊಂದನ್ನು ತೆಗೆದು ಕೊಡುತ್ತ ಅಂಗಡಿಯವರು ಕೇಳಿದರು: ‘ಮನೆ ಬಾಗಿಲಿಗೋ, ಹೊಸ ಗಾಡಿಗೋ?’