ಹಕ್ಕಿಗೂಡು ಜರಿಗಿಡ

ಬೋರ್ನಿಯೋ ದ್ವೀಪದ ಮಳೆಕಾಡುಗಳಲ್ಲಿ ತಲೆಯೆತ್ತಿ ನೋಡಿದರೆ, ಹೆಮ್ಮರಗಳ ಕವಲುಗಳಲ್ಲಿ ದೊಡ್ಡ ಹಕ್ಕಿಯೊಂದು ಕಟ್ಟಿದ ಗೂಡಿನಂತೆ ಎಲೆಗಳ ಬುಟ್ಟಿಯೊಂದು ಕುಳಿತಿರುವುದು ಕಾಣುತ್ತದೆ. ಇದೇ ಹಕ್ಕಿಗೂಡು ಜರಿಗಿಡ. ಸಸ್ಯಶಾಸ್ತ್ರಜ್ಞರು ಇದಕ್ಕೆ ಆಸ್ಪ್ಲೇನಿಯಮ್ ನೈಡಸ್ ಎಂದು ಹೆಸರಿಟ್ಟಿದ್ದಾರೆ. ಲ್ಯಾಟಿನ್ ಭಾಷೆಯಲ್ಲಿ ನೈಡಸ್ ಎಂದರೆ ಗೂಡು. ಜರಿಗಿಡವೆಂದೊಡನೆ ಸೀಳುಸೀಳಾದ ಎಲೆ ನೆನಪಾಗುವುದು ಸಹಜ. ಇದರ ಎಲೆಯಾದರೋ ಎಳೆಯ ಬಾಳೆಲೆಯಂತೆ ಅಖಂಡವಾದುದು, ವರ್ಷವಿಡೀ ಹಸುರಾಗಿರುವಂಥದು.

ಇದು ಬಂದಣಿಕೆಯಲ್ಲ. ಮರದಿಂದ ಆಶ್ರಯವನ್ನು ಪಡೆಯುತ್ತದೆಯೇ ಹೊರತು ಅದರ ರಸವನ್ನು ಹೀರುವುದಿಲ್ಲ. ಮೇಲಿನಿಂದ ಉದುರುವ ತರಗೆಲೆಗಳು ಬುಟ್ಟಿಯೊಳಗೆ ಬಿದ್ದು, ಕೊಳೆತು, ಗೊಬ್ಬರವಾಗುತ್ತವೆ. ಹೆಣೆದುಕೊಂಡ ಬೇರುಗಳು ಸ್ಪಂಜಿನಂತೆ ಮಳೆನೀರನ್ನು ಹಿಡಿದಿಡುತ್ತವೆ. ತನಗೆ ಬೇಕಾದ ಮಣ್ಣನ್ನು ತಾನೇ ಸಿದ್ಧಪಡಿಸಿಕೊಳ್ಳುವ ಗಿಡವಿದು! ಈ ಹೊರೆಯೆಲ್ಲ ಸೇರಿ ದೊಡ್ಡ ಗಿಡವೊಂದು 200 ಕಿಲೋಗ್ರಾಂವರೆಗೂ ತೂಗಬಲ್ಲುದು. ಇಂಥ ಒಂದು ಗಿಡದಲ್ಲಿ ವಾಸಿಸುವ ಕೀಟಾದಿಗಳ ಒಟ್ಟು ತೂಕವು ಮರದ ಉಳಿದ ತಲೆಭಾಗದಲ್ಲಿರುವ ಕೀಟಾದಿಗಳ ತೂಕಕ್ಕೆ ಸಮನಾಗಬಹುದೆಂದು 2004ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿತು.

ಮನೆಯಲ್ಲಿ ಇದನ್ನು ಬೆಳೆಸುವವರು ಈ ಕಾಡಿನ ಬಾಳುವೆಯನ್ನು ನೆನಪಿನಲ್ಲಿಡಬೇಕು. ಅಂಟುಮಣ್ಣು ಇದಕ್ಕೆ ಒಗ್ಗದು. ತೆಂಗಿನ ನಾರು, ತೊಗಟೆಯ ಚೂರು, ಎಲೆಗೊಬ್ಬರಗಳ ಸಡಿಲವಾದ ಮಿಶ್ರಣವೇ ಲೇಸು. ಹೆಮ್ಮರದ ನೆರಳಿನಲ್ಲಿ ಬೆಳೆದ ಎಲೆಗಳು ನಡುಹಗಲಿನ ಬಿಸಿಲಿಗೆ ಸುಟ್ಟುಹೋಗುತ್ತವೆ. ಗಾಳಿ ಒಣಗಿದರೆ ಅಂಚುಗಳು ಕಂದಾಗುತ್ತವೆ. ಆದುದರಿಂದ ಬಯಲುಸೀಮೆಯ ಬೇಸಗೆಯಲ್ಲಿ ಇದಕ್ಕೆ ಮಲೆನಾಡಿಗಿಂತ ಹೆಚ್ಚಿನ ಆರೈಕೆ ಬೇಕು. ನೀರನ್ನು ಕುಂಡದ ಅಂಚಿನ ಸುತ್ತ ಹನಿಸಬೇಕು, ಬುಟ್ಟಿಯ ನಡುವೆ ಸುರಿಯಬಾರದು. ಕಾಡಿನಲ್ಲಿ ಮಳೆ ನಡುವೆಯೇ ಬೀಳುವುದಲ್ಲವೆ ಎಂದು ಕೇಳಬಹುದು. ಅಲ್ಲಿ ನೀರು ಬೇಗನೆ ಇಳಿದುಹೋಗುತ್ತದೆ, ಗಾಳಿಯಾಡುತ್ತದೆ. ಮನೆಯೊಳಗಾದರೆ ನಿಂತ ನೀರಿನಲ್ಲಿ ನಡುವಿನ ಸುರುಳಿ ಎಲೆಗಳು ಕೊಳೆಯುತ್ತವೆ.

ಬಲಿತ ಎಲೆಯ ಕೆಳಮೈಯಲ್ಲಿ ನಡುನರದಿಂದ ಅಂಚಿನತ್ತ ಸಾಲುಸಾಲಾಗಿ ಕಂದು ಗೆರೆಗಳು ಮೂಡುತ್ತವೆ. ರೋಗವೆಂದು ಭ್ರಮಿಸಿ ಎಲೆಯನ್ನೇ ಕತ್ತರಿಸುವವರುಂಟು. ಅವು ಬೀಜಾಣುಗಳ ಕೋಶಗಳು. ಈ ಗಿಡಕ್ಕೆ ಹೂವಿಲ್ಲ, ಬೀಜವಿಲ್ಲ. ಒಂದೇ ಬುಡವಿರುವುದರಿಂದ ಸೀಳಿ ನೆಡುವಂತೆಯೂ ಇಲ್ಲ. ಧೂಳಿನಂಥ ಬೀಜಾಣುಗಳನ್ನು ತೇವದ ಎಲೆಗೊಬ್ಬರದ ಮೇಲೆ ಉದುರಿಸಿ ಗಾಜಿನಿಂದ ಮುಚ್ಚಿಟ್ಟರೆ, ಕೆಲವು ವಾರಗಳಲ್ಲಿ ಉಗುರಿಗಿಂತ ಚಿಕ್ಕದಾದ, ಹೃದಯಾಕಾರದ ಹಸುರು ಹಾಳೆಗಳು ಹುಟ್ಟುತ್ತವೆ. ಅವುಗಳ ಅಡಿಯಲ್ಲಿ, ತೆಳುವಾದ ನೀರಿನ ಪದರದಲ್ಲಿ ಗಂಡುಕಣಗಳು ಈಜಿ ಹೆಣ್ಣುಕಣಗಳನ್ನು ಸೇರಬೇಕು. ಹಾಳೆ ಒಂದು ದಿನ ಒಣಗಿದರೂ ಕೆಲಸ ಕೆಡುತ್ತದೆ. ಎಲ್ಲವೂ ಕೂಡಿಬಂದರೆ ತಿಂಗಳುಗಳ ನಂತರ ಆ ಹಾಳೆಯ ಅಂಚಿನಿಂದ ಮೊದಲ ಪುಟ್ಟ ಎಲೆ ತಲೆದೋರುತ್ತದೆ.